ಸಕ್ಕರೆ ಕಾಯಿಲೆ ಇದ್ದರೆ ಆರೋಗ್ಯ ವಿಮೆಯ ಅರ್ಜಿಯಲ್ಲಿ ಬರೆಯಲೇಬೇಕಾ?

ನಮಸ್ಕಾರ. ಬದಿಯಡ್ಕದಲ್ಲಿರುವ ನಿಮ್ಮ ಅಮ್ಮನಿಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ, ಹೋದ ವರ್ಷ ಸಣ್ಣ ಸ್ಟ್ರೋಕ್ ಆಗಿತ್ತು. ‘ಸಕ್ಕರೆ ವಿಷಯ ಬರೆಯುವುದು ಬೇಡ’ ಅಂತ ಏಜೆಂಟ್ ಹೇಳಿದ್ದಾರೆ, ಅಲ್ವಾ?

ದಯವಿಟ್ಟು ಬರೆಯಿರಿ. ನನ್ನ ಅಪ್ಪನ ಅರ್ಜಿಯಲ್ಲಿ ಬಿಪಿ ಮಾತ್ರೆಯ ವಿಷಯ ಬಿಟ್ಟಿದ್ದೆವು. ಎರಡನೇ ವರ್ಷ ಆಸ್ಪತ್ರೆ ಸೇರಿದಾಗ ಹಳೆಯ ಚೀಟಿ ಕಂಪನಿಯವರ ಕಣ್ಣಿಗೆ ಬಿತ್ತು. ಕ್ಲೈಮ್ ಹೋಯಿತು. ಮಂಗಳೂರಿನ ಆಸ್ಪತ್ರೆ ಬಿಲ್ಲನ್ನು ಆ ವರ್ಷದ ಅಡಿಕೆ ದುಡ್ಡಿನಲ್ಲಿ ಕಟ್ಟಿದೆವು. ಅಪ್ಪನ ಆಗಿನ ಮುಖ ನನಗೆ ಇನ್ನೂ ಮರೆತಿಲ್ಲ.

ನಿಜ ಹೇಳಿದರೆ ಸ್ವಲ್ಪ ಕಾಯಬೇಕಾಗುತ್ತದೆ. 2024ರ ಏಪ್ರಿಲ್‌ನಿಂದ ಹಳೆ ಕಾಯಿಲೆಯ ಖರ್ಚು ವಿಮೆಯಲ್ಲಿ ಸಿಗಲು ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಸ್ಟ್ರೋಕ್ ಆಗಿರುವುದರಿಂದ ಪ್ರೀಮಿಯಂ ಜಾಸ್ತಿ ಕೇಳಬಹುದು, ಕೊಡುವುದಿಲ್ಲ ಅನ್ನಲೂಬಹುದು. ಒಬ್ಬರು ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ. ‘60 ತಿಂಗಳು ಕಳೆದರೆ ಯಾರೂ ಕೇಳುವುದಿಲ್ಲ’ ಅನ್ನುವ ಮಾತು ನಂಬಬೇಡಿ. ಅಷ್ಟು ಕಾಲ ಪಾಲಿಸಿ ನಿಲ್ಲದೆ ನಡೆದರೆ, ಹೇಳದೆ ಬಿಟ್ಟ ವಿಷಯದ ಕಾರಣಕ್ಕೆ ಕ್ಲೈಮ್ ತಳ್ಳುವಂತಿಲ್ಲ ಅನ್ನುವ ನಿಯಮ ಇದೆ ನಿಜ. ಆದರೆ ಬೇಕೆಂದೇ ಮುಚ್ಚಿಟ್ಟದ್ದು ಸಾಬೀತಾದರೆ ಆ ರಕ್ಷಣೆ ಸಿಗುವುದಿಲ್ಲ.

ಸಹಿ ಹಾಕುವ ಮೊದಲು, ನೀವು ಹೋಗುವ ಮಂಗಳೂರಿನ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವುದು) ಇದೆಯಾ ನೋಡಿ. ಕಾಸರಗೋಡಿನವರಿಗೆ ಇದು ಬಹಳ ಮುಖ್ಯ. ಪಾಲಿಸಿ ಕೈಗೆ ಬಂದ ಮೇಲೆ ಸರಿಯಿಲ್ಲ ಅನಿಸಿದರೆ 30 ದಿನದೊಳಗೆ ವಾಪಸ್ ಮಾಡಬಹುದು.

ಇನ್ನು ನೀವು ಕೇಳಿದ ಹೋಂ ನರ್ಸ್ ಸಂಬಳ. ಅದು ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಬರುವುದಿಲ್ಲ. ಅಮ್ಮ ಹಾಸಿಗೆ ಹಿಡಿಯುವಂತಾದರೆ ಪಂಚಾಯತಿನ ಪಾಲಿಯೇಟಿವ್ ನರ್ಸ್ (ಹಾಸಿಗೆ ಹಿಡಿದವರ ಆರೈಕೆ ನೋಡುವವರು) ಮನೆಗೇ ಬರುತ್ತಾರೆ. ಆಶಾ ಕಾರ್ಯಕರ್ತೆಯ ಹತ್ತಿರ ಈಗಲೇ ಒಂದು ಮಾತು ಹೇಳಿಡಿ.