ಕಾರ್ಬ್ಯುರೇಟರ್ ಇರುವ 1970ರ ಶೆವೆಲ್ ಕಾರಿಗೆ ತಣ್ಣನೆಯ ಗಾಳಿ ಒದಗಿಸಲು ಯಾವ ವಿಧಾನ ಒಳ್ಳೆಯದು?

ನಿಮ್ಮ ಶೆವೆಲ್‌ನಲ್ಲಿ 350 ಘನ ಇಂಚಿನ (5.7 ಲೀಟರ್) ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ನಾಲ್ಕು ಗಂಟಲುಗಳ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಮತ್ತು ಸುತ್ತಲೂ ತೆರೆದಿರುವ 14 ಇಂಚಿನ ದುಂಡು ಏರ್ ಕ್ಲೀನರ್ ಇದೆ ಎಂದು ಬರೆದಿದ್ದೀರಿ. ಟೆಕ್ಸಸ್‌ನ ಬೇಸಿಗೆಯಲ್ಲಿ ಎಂಜಿನ್ ಸೊರಗುತ್ತಿರುವುದರಿಂದ ಮುಂಗಾಜಿನ ಬುಡದಿಂದ ಗಾಳಿ ಎಳೆದುಕೊಳ್ಳುವ ಕೌಲ್ ಇಂಡಕ್ಷನ್ ಬಾನೆಟ್ ಕೊಳ್ಳಬೇಕೇ, ಬಾನೆಟ್ಟಿನ ಮೇಲೆ ಮುಂದಕ್ಕೆ ಬಾಯಿ ತೆರೆದ ಸ್ಕೂಪ್ ಹಾಕಬೇಕೇ ಅಥವಾ ಪೈಪು ಮತ್ತು ಟೊಪ್ಪಿಗೆ ಇರುವ ಕಿಟ್ ತರಬೇಕೇ ಎಂಬುದು ನಿಮ್ಮ ಪ್ರಶ್ನೆ. ನನ್ನ ಬಳಿ ಇದೇ ಎಂಜಿನ್‌ನ 1972ರ ಶೆವೆಲ್ ಹನ್ನೊಂದು ವರ್ಷಗಳಿಂದ ಇದೆ, ಮಿಷಿಗನ್‌ನಲ್ಲಿ ಓಡಿಸುತ್ತೇನೆ. ಈ ಮೂರಕ್ಕೂ ದುಡ್ಡು ಹಾಕುವ ಮೊದಲು ಮುಚ್ಚಿದ ಏರ್ ಕ್ಲೀನರ್ ಒಂದನ್ನು ಕೂರಿಸಿ, ಅದಕ್ಕೆ ರೇಡಿಯೇಟರ್‌ನ ಮುಂದಿನಿಂದ ಪೈಪುಗಳ ಮೂಲಕ ಗಾಳಿ ತನ್ನಿ ಎಂಬುದು ನನ್ನ ಸಲಹೆ.

ಹೀಗೆ ಹೇಳಲು ಕಾರಣ ನಾನೇ ಅಳೆದು ನೋಡಿದ ಉಷ್ಣಾಂಶ. ತಂತಿಯ ತುದಿಯಲ್ಲಿ ಸಂವೇದಕವಿರುವ ಅಗ್ಗದ ಥರ್ಮಾಮೀಟರನ್ನು ಏರ್ ಕ್ಲೀನರ್ ಒಳಗೆ ಇಳಿಬಿಟ್ಟು, ಅಂಕಿ ತೋರಿಸುವ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿಕೊಂಡು ಹೊರಟಿದ್ದೆ. ಹೊರಗೆ 31 ಡಿಗ್ರಿ ಸೆಲ್ಸಿಯಸ್ ಇದ್ದ ಆ ಮಧ್ಯಾಹ್ನ, ಎರಡು ಸಿಗ್ನಲ್‌ಗಳಲ್ಲಿ ನಿಂತು ಹೊರಡುವ ಹೊತ್ತಿಗೆ ಎಂಜಿನ್ ಎಳೆದುಕೊಳ್ಳುತ್ತಿದ್ದ ಗಾಳಿ 64 ಡಿಗ್ರಿ ಮುಟ್ಟಿತ್ತು. ತೆರೆದ ಏರ್ ಕ್ಲೀನರ್ ಎಷ್ಟು ಸಲೀಸಾಗಿ ಉಸಿರಾಡಿದರೂ ಅದು ಉಸಿರಾಡುವುದು ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಯನ್ನೇ. ಪೈಪು ಜೋಡಿಸಿದ ಮೇಲೆ ಅದೇ ರಸ್ತೆಯಲ್ಲಿ, ಅಷ್ಟೇ ಬಿಸಿಲಿನಲ್ಲಿ, ಕಾರು ಚಲಿಸುತ್ತಿರುವಾಗ 36 ಡಿಗ್ರಿ ಕಂಡಿತು. ಇಷ್ಟು ವ್ಯತ್ಯಾಸಕ್ಕೆ ಗಾಳಿಯ ಸಾಂದ್ರತೆ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಶಕ್ತಿಯಲ್ಲಿ ಶೇ 4ರಷ್ಟು ಲಾಭವನ್ನು ನಿರೀಕ್ಷಿಸಬಹುದು.

ಇದಕ್ಕೆ ಬೇಕಾದದ್ದು ಎರಡು ಮೂತಿಗಳಿರುವ ಮುಚ್ಚಿದ ಏರ್ ಕ್ಲೀನರ್. ಕಾರ್ಖಾನೆಯವರೇ ಈ ದಾರಿ ಹಿಡಿದದ್ದುಂಟು: 1968 ಮತ್ತು 1969ರ ಓಲ್ಡ್ಸ್‌ಮೊಬೈಲ್ 442 ಡಬ್ಲ್ಯೂ-30 ಕಾರಿನಲ್ಲಿ ಮುಂದಿನ ಬಂಪರಿನ ಕೆಳಗೆ ಎರಡು ಬಾಯಿಗಳಿದ್ದು, ಅಲ್ಲಿಂದ ದಪ್ಪ ಕೊಳವೆಗಳು ಏರ್ ಕ್ಲೀನರಿಗೆ ಬರುತ್ತಿದ್ದವು. ಪೈಪಿನ ಗಾತ್ರದಲ್ಲಿ ಜಿಪುಣತನ ಬೇಡ. ನಿಮ್ಮ 5.7 ಲೀಟರ್ ಎಂಜಿನ್ 5500 ಆರ್‌ಪಿಎಂ ವೇಗದಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 13 ಘನ ಮೀಟರ್ ಗಾಳಿ ಕುಡಿಯುತ್ತದೆ. 3 ಇಂಚಿನ ಎರಡು ಪೈಪುಗಳಲ್ಲಿ ಅದು ಸೆಕೆಂಡಿಗೆ 24 ಮೀಟರ್ ವೇಗದಲ್ಲಿ ನುಗ್ಗಬೇಕಾದರೆ, 4 ಇಂಚಿನವುಗಳಲ್ಲಿ 14 ಮೀಟರ್ ಸಾಕು. ಏರ್ ಕ್ಲೀನರಿನ ಮೂತಿಯೇ ಕಿರಿದಾಗಿದ್ದರೆ ದಪ್ಪ ಪೈಪಿನಿಂದ ಪ್ರಯೋಜನವಿಲ್ಲ ಎಂಬುದನ್ನೂ ನೋಡಿಕೊಳ್ಳಿ. ರೇಡಿಯೇಟರ್ ಪಕ್ಕದ ತಗಡಿನಲ್ಲಿ ತೂತು ಕೊರೆಯಬೇಕಾಗಬಹುದು, ಒಂದು ಬದಿಯಲ್ಲಿ ಬ್ಯಾಟರಿ ಅಡ್ಡ ಬರುತ್ತದೆ. ಆದ್ದರಿಂದ ಮೊದಲು ರಟ್ಟಿನಲ್ಲಿ ಮಾದರಿ ಮಾಡಿಕೊಂಡು, ಆಮೇಲೆ ಡ್ರಿಲ್ ಕೈಗೆತ್ತಿಕೊಳ್ಳಿ.

ಕೌಲ್ ಇಂಡಕ್ಷನ್ ನಿಜಕ್ಕೂ ಒಳ್ಳೆಯ ವ್ಯವಸ್ಥೆ. ಕಾರು ಓಡುವಾಗ ಮುಂಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚಿರುತ್ತದೆ. ನಿಮ್ಮ ಕಾರಿನ ವರ್ಷದ ಶೆವೆಲ್ ಎಸ್‌ಎಸ್‌ನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನಿನ ವ್ಯಾಕ್ಯೂಮ್ ಇಳಿದ ಕೂಡಲೇ ಬಾನೆಟ್ಟಿನ ಹಿಂಭಾಗದ ಮುಚ್ಚಳ ತೆರೆದುಕೊಂಡು ಅಲ್ಲಿಯ ಗಾಳಿ ಒಳಬರುತ್ತಿತ್ತು. ಆದರೆ ಬಾನೆಟ್ಟಿಗೂ ಏರ್ ಕ್ಲೀನರಿಗೂ ನಡುವಿನ ರಬ್ಬರ್ ಸೀಲ್ ಬಿಗಿಯಾಗಿ ಕೂರದಿದ್ದರೆ ಅದು ಬರಿಯ ಅಲಂಕಾರ. ಮುಂದಕ್ಕೆ ತೆರೆದ ಸ್ಕೂಪು ಗಾಳಿಯನ್ನು ಒಳಕ್ಕೆ ತುರುಕುತ್ತದೆ ಎನ್ನುವವರು ಲೆಕ್ಕ ಹಾಕಿ ನೋಡಬೇಕು: ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹಾಗೆ ಸಿಗುವ ಒತ್ತಡ ಹೆಚ್ಚೆಂದರೆ 5 ಸೆಂಟಿಮೀಟರ್ ನೀರಿನಷ್ಟು, ಅಂದರೆ ವಾತಾವರಣದ ಒತ್ತಡದ ಶೇ 0.5 ಮಾತ್ರ. ಸ್ಕೂಪಿನ ಬೆಲೆ ಇರುವುದು ಅದು ತರುವ ತಂಪಿನಲ್ಲಿ.

ಕಾರ್ಬ್ಯುರೇಟರಿನ ತಲೆಯ ಮೇಲೆ ಟೊಪ್ಪಿಗೆ ಕೂರಿಸಿ ಒಂದೇ ಬದಿಯಿಂದ ಪೈಪು ಎಳೆಯುವ ಕಿಟ್‌ಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಕಾರ್ಬ್ಯುರೇಟರ್ ತನ್ನ ಪೆಟ್ರೋಲ್ ಬಟ್ಟಲಿನ ಮೇಲಿನ ಒತ್ತಡಕ್ಕೂ ಗಂಟಲಿನ ಒತ್ತಡಕ್ಕೂ ಇರುವ ವ್ಯತ್ಯಾಸದಿಂದಲೇ ಪೆಟ್ರೋಲನ್ನು ಅಳೆದು ಬಿಡುತ್ತದೆ. ಗಾಳಿ ಒಂದು ಪಕ್ಕದಿಂದ ರಭಸವಾಗಿ ಬಂದು ಸುಳಿಯೆದ್ದರೆ ಬಟ್ಟಲಿನ ಗಾಳಿಕಿಂಡಿಗೆ ಒಂದು ಒತ್ತಡ, ನಾಲ್ಕು ಗಂಟಲುಗಳಿಗೆ ನಾಲ್ಕು ಬಗೆಯ ಒತ್ತಡ ತಗುಲಿ ಅಳತೆಯೇ ತಪ್ಪುತ್ತದೆ. ಅಗಲವಾದ ದುಂಡು ಏರ್ ಕ್ಲೀನರಿನೊಳಗೆ ಗಾಳಿ ಒಮ್ಮೆ ಶಾಂತವಾಗಿ ಆಮೇಲೆ ಕೆಳಗಿಳಿಯುತ್ತದೆ.

ಯಾವ ವಿಧಾನ ಆರಿಸಿದರೂ ಜೆಟ್‌ಗಳನ್ನು, ಅಂದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ರಂಧ್ರಗಳನ್ನು, ಮತ್ತೆ ಪರೀಕ್ಷಿಸಲೇಬೇಕು. ಗಾಳಿಯ ಸಾಂದ್ರತೆ ಹೆಚ್ಚಿದಷ್ಟು ಪ್ರಮಾಣದಲ್ಲಿ ಕಾರ್ಬ್ಯುರೇಟರ್ ಪೆಟ್ರೋಲನ್ನು ಹೆಚ್ಚಿಸುವುದಿಲ್ಲ, ಸರಿಸುಮಾರು ಅದರ ಅರ್ಧದಷ್ಟು ಮಾತ್ರ ಹೆಚ್ಚಿಸುತ್ತದೆ. ಹೀಗಾಗಿ ಮೊದಲೇ ಪೆಟ್ರೋಲ್ ಕಡಿಮೆಯಿದ್ದ ಮಿಶ್ರಣ ಇನ್ನಷ್ಟು ತೆಳುವಾಗಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್‌ಗಳಿಗೆ ಅಪಾಯವಾಗಬಹುದು.

ಟೆಕ್ಸಸ್‌ನಲ್ಲಿ ಕೆಳಗಿನಿಂದ ಬರುವ ಬಿಸಿಯೂ ಅಷ್ಟೇ ಮುಖ್ಯ. ಎಂಜಿನ್ ನಿಲ್ಲಿಸಿದ ಹತ್ತು ನಿಮಿಷಕ್ಕೆ ಬಟ್ಟಲಿನ ಪೆಟ್ರೋಲ್ ಕುದಿದು, ಮತ್ತೆ ಸ್ಟಾರ್ಟ್ ಮಾಡಲು ತೊಂದರೆಯಾಗುತ್ತಿದ್ದರೆ ಅದನ್ನು ಯಾವ ಪೈಪೂ ಪರಿಹರಿಸದು. ಕಾರ್ಬ್ಯುರೇಟರಿನ ಅಡಿಗೆ ಶಾಖ ತಡೆಯುವ ಅರ್ಧ ಇಂಚಿನ ಫಿನಾಲಿಕ್ ಸ್ಪೇಸರ್ ಹಾಕಿ. ಹಾಕುವ ಮುನ್ನ ಏರ್ ಕ್ಲೀನರಿನ ಮೇಲೆ ಮಕ್ಕಳು ಆಡುವ ಮೆತ್ತನೆಯ ಕ್ಲೇ ಉಂಡೆಯಿಟ್ಟು, ಬಾನೆಟ್ ಮುಚ್ಚಿ ತೆರೆದು, ಅದು ಎಷ್ಟು ದಪ್ಪ ಉಳಿದಿದೆ ಎಂದು ನೋಡಿದರೆ ಜಾಗ ಸಾಲುತ್ತದೆಯೇ ಎಂಬುದು ತಿಳಿಯುತ್ತದೆ.

ಹಳೆಯ ಏರ್ ಕ್ಲೀನರಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದ ಬಿಸಿಗಾಳಿ ತರುವ ಕೊಳವೆ ಇದ್ದರೆ ದಯವಿಟ್ಟು ಎಸೆಯಬೇಡಿ. ನಾನು ಎಸೆದಿದ್ದೆ. ಅಕ್ಟೋಬರ್‌ನ ಒಂದು ಬೆಳಗ್ಗೆ, 6 ಡಿಗ್ರಿ ಚಳಿಯ ತುಂತುರು ಮಳೆಯಲ್ಲಿ, ಹೆದ್ದಾರಿಯ ಮೇಲೆ ಎಂಜಿನ್ ಕುಂಟುತ್ತಾ ಬಂದು ನಿಂತೇ ಹೋಯಿತು. ಮುಚ್ಚಳ ತೆಗೆದು ನೋಡಿದರೆ ಮುಂದಿನ ಎರಡು ಗಂಟಲುಗಳ ಒಳಗೋಡೆ ಫ್ರೀಜರಿನ ಗೋಡೆಯಂತೆ ಬೆಳ್ಳಗಾಗಿತ್ತು: ಪೆಟ್ರೋಲ್ ಆವಿಯಾಗುವಾಗ ಶಾಖ ಹೀರಿಕೊಂಡು, ಗಾಳಿಯ ತೇವವೆಲ್ಲ ಅಲ್ಲೇ ಹೆಪ್ಪುಗಟ್ಟಿತ್ತು. ಹತ್ತು ನಿಮಿಷ ಬಿಟ್ಟು ಎಂಜಿನ್ನಿನ ಬಿಸಿಗೆ ಅದು ಕರಗಿದ ಮೇಲೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ನಿಮ್ಮಲ್ಲೂ ಚಳಿಗಾಲದ ತೇವದ ದಿನಗಳಲ್ಲಿ ಹೀಗಾಗಬಹುದಾದ್ದರಿಂದ, ಒಂದು ಮೂತಿಗಾದರೂ ಬಿಸಿಗಾಳಿಯ ಕೊಳವೆ ಮತ್ತು ಅದರ ಕವಾಟ ಕೆಲಸ ಮಾಡುವಂತೆ ಉಳಿಸಿಕೊಳ್ಳಿ.