ಕಣ್ಣು ಮುಚ್ಚಿಕೊಂಡ ನಾಯಿಗೆ ಮನೆಯಲ್ಲಿರುವ ಡ್ರಾಪ್ಸ್ ಹಾಕಬೇಡಿ

ನಿಮ್ಮ ಪ್ರಶ್ನೆ ಈಗಷ್ಟೇ ನೋಡಿದೆ. ನಿನ್ನೆ ತೋಟದಿಂದ ಬಂದ ನಾಯಿ ಎಡಗಣ್ಣು ಮುಚ್ಚಿಕೊಂಡೇ ಇದೆ, ನೀರು ಸುರಿಯುತ್ತಿದೆ, ಮುಟ್ಟಲು ಬಿಡುತ್ತಿಲ್ಲ, ಅಮ್ಮನ ಪೊರೆ ಆಪರೇಷನ್ ಆದಾಗ ಉಳಿದ ಡ್ರಾಪ್ಸ್ ಇದೆ, ಹಾಕಬಹುದಾ ಅಂತ ಕೇಳಿದ್ದೀರಿ. ಕೆಳಗೆ ನಾಲ್ಕು ಜನ "ಹಾಕಿ, ಏನೂ ಆಗಲ್ಲ" ಅಂದಿದ್ದಾರೆ. ಒಬ್ಬರು ನಂದಿಬಟ್ಟಲು ಹೂವಿನ ರಸ ಹಿಂಡಿ ಅಂದಿದ್ದಾರೆ.

ಎರಡೂ ಬೇಡ ಮಾರಾಯ್ರೆ.

ಪೊರೆ ಆಪರೇಷನ್ ಆದವರಿಗೆ ಕೊಡುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಬಾಟಲಿ ತಿರುಗಿಸಿ ಸಣ್ಣ ಅಕ್ಷರ ಓದಿ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಇದರಲ್ಲಿ ಯಾವುದಾದರೂ ಇದ್ದರೆ ಅದು ಸ್ಟೀರಾಯ್ಡ್. ಎಷ್ಟೋ ಸಲ ಆಂಟಿಬಯೋಟಿಕ್ ಜೊತೆಗೇ ಸೇರಿಸಿರುತ್ತಾರೆ, ಹೆಸರಿನ ಕೊನೆಗೆ ಬರೀ ಒಂದು 'ಡಿ' ಇರುತ್ತದೆ. ಹಾಗಾಗಿ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಕಣ್ಣಿನ ಮುಂದೆ ಗಾಜಿನಂಥ ಪದರ ಇದೆಯಲ್ಲ, ಕಾರ್ನಿಯಾ, ಅದು ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್ ದಪ್ಪ ಅಷ್ಟೇ. ಮುಳ್ಳೋ ಹುಲ್ಲಿನ ಕಡ್ಡಿಯೋ ಬೆಕ್ಕಿನ ಉಗುರೋ ತಾಗಿ ಅಲ್ಲಿ ಗೀರಾದರೆ ಅದು ಹುಣ್ಣಾಗುತ್ತದೆ. ಹುಣ್ಣಿನ ಮೇಲೆ ಸ್ಟೀರಾಯ್ಡ್ ಬಿದ್ದರೆ ಗಾಯ ಮಾಯುವುದು ನಿಲ್ಲುತ್ತದೆ, ಸೋಂಕು ಒಳಗೆ ಇಳಿಯುತ್ತದೆ. ಒಂದೆರಡು ದಿನದಲ್ಲೇ ಕಾರ್ನಿಯಾ ಕರಗಿ ತೂತಾಗಿಬಿಡಬಹುದು.

ಇದು ನಾನು ಓದಿ ಹೇಳುತ್ತಿರುವುದಲ್ಲ. ನಮ್ಮ ನಾಯಿ ಕರಿಯನಿಗೆ ನಾನೇ ಮಾಡಿದ ತಪ್ಪು. ನಿಮ್ಮದೇ ಕಥೆ, ಅಪ್ಪನ ಡ್ರಾಪ್ಸ್ ಕಪಾಟಿನಲ್ಲಿತ್ತು. ಹಾಕಿದ ಮೊದಲ ದಿನ ಕೆಂಪು ಇಳಿಯಿತು, ನನಗೆ ಖುಷಿ. ಸ್ಟೀರಾಯ್ಡ್ ಮೋಸ ಮಾಡುವುದು ಹೀಗೇ, ಕೆಂಪು ಕಡಿಮೆ ಮಾಡಿ ಗುಣ ಆಯಿತು ಅನ್ನಿಸುತ್ತದೆ. ಮೂರನೇ ದಿನ ಬೆಳಿಗ್ಗೆ ಜಗುಲಿಯಲ್ಲಿ ನೋಡಿದರೆ ಕಣ್ಣಿನ ನಡುವೆ ಮೊಸರು ಮೆತ್ತಿದ ಹಾಗೆ ಬಿಳಿ, ಅದರ ಮಧ್ಯೆ ಸಣ್ಣ ಗುಳಿ. ಕೊನೆಗೆ ಕಣ್ಣೇ ತೆಗೆಸಬೇಕಾಯಿತು. ಒಂದೇ ಕಣ್ಣಲ್ಲಿ ಇನ್ನೂ ಆರು ವರ್ಷ ತೋಟ ಕಾಯ್ದ, ಅದು ಬೇರೆ ಮಾತು.

ನಂದಿಬಟ್ಟಲಿನ ವಿಷಯ. ನಮ್ಮಜ್ಜಿಯೂ ಹಾಕುತ್ತಿದ್ದರು, ಹೂವಿನ ಬಗ್ಗೆ ನನಗೇನೂ ಸಿಟ್ಟಿಲ್ಲ. ಆದರೆ ಗಿಡದಲ್ಲಿ ಹಾಲು ಇದೆ, ಹಿಂಡಿದ ಕೈಯಲ್ಲಿ ಮಣ್ಣು ಇದೆ, ನಾಯಿಯ ಕಣ್ಣಲ್ಲಿ ತೆರೆದ ಗಾಯ ಇರಬಹುದು. ಎದೆಹಾಲು, ಜೇನು, ಹರಳೆಣ್ಣೆಗೂ ಇದೇ ಮಾತು.

ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ಕಣ್ಣು ತೆರೆದಿದೆ, ಸ್ವಲ್ಪ ಕೆಂಪು, ಸ್ವಲ್ಪ ನೀರು, ನಾಯಿ ಆರಾಮಾಗಿದೆ ಅಂದರೆ ತೊಳೆದು ಒಂದು ದಿನ ನೋಡಬಹುದು. ಕಣ್ಣು ಮುಚ್ಚಿಕೊಂಡಿದೆ ಅಂದರೆ ನೋವಿದೆ ಅಂತ ಅರ್ಥ, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ನಿಮ್ಮದು ಎರಡನೆಯದು.

ಡಾಕ್ಟರ್ ಮಾಡುವ ಪರೀಕ್ಷೆ ಎರಡು ನಿಮಿಷದ್ದು. ಫ್ಲೋರೆಸಿನ್ ಅಂತ ಕೇಸರಿ ಬಣ್ಣದ ಕಾಗದದ ಪಟ್ಟಿ. ಅದಕ್ಕೆ ಒಂದು ಹನಿ ಸಲೈನ್ ಬಿಟ್ಟು ಕಣ್ಣಿಗೆ ತಾಗಿಸಿ, ತೊಳೆದು, ನೀಲಿ ಬೆಳಕಲ್ಲಿ ನೋಡುತ್ತಾರೆ. ಹುಣ್ಣಿದ್ದ ಜಾಗ ಮಾತ್ರ ಹಸಿರಾಗಿ ಹೊಳೆಯುತ್ತದೆ, ಕೆಲವೊಮ್ಮೆ ಎಳ್ಳು ಕಾಳಿನಷ್ಟು. ಆಸ್ಪತ್ರೆಯಲ್ಲಿ ಪಟ್ಟಿ ಇಲ್ಲ ಅಂದರೆ ಮನುಷ್ಯರ ಕಣ್ಣಿನ ಆಸ್ಪತ್ರೆ ಪಕ್ಕದ ಮೆಡಿಕಲ್‌ನಲ್ಲಿ ಕೇಳಿ, ಅದೇ ಪಟ್ಟಿ. ನಮ್ಮ ಕಡೆಯವರಿಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ, ಬೆಂಗಳೂರಿನವರಿಗೆ ಹೆಬ್ಬಾಳದ್ದು.

ಹೋಗುವವರೆಗೆ ಮಾಡಬಹುದಾದದ್ದು ಎರಡೇ. ಒಂದು, ಸಲೈನ್‌ನಿಂದ ತೊಳೆಯುವುದು. ಅದು ಇಲ್ಲದಿದ್ದರೆ ಕುದಿಸಿ ಆರಿಸಿದ ನೀರು. ಉಜ್ಜಬೇಡಿ, ಸುಮ್ನೆ ಹರಿಯಲು ಬಿಡಿ. ಎರಡು, ಕಾಲಿನಿಂದ ಕೆರೆದುಕೊಳ್ಳದ ಹಾಗೆ ಕೊರಳಿಗೆ ಲಾಳಿಕೆಯಂಥ ಕಾಲರ್. ಪೇಟೆಯಿಂದ ತರಲು ಆಗದಿದ್ದಾಗ ನಾನು ಅಡಿಕೆ ಹಾಳೆ ನೀರಲ್ಲಿ ನೆನೆಸಿ, ಬಗ್ಗಿಸಿ, ಅಂಚಿಗೆ ಹಳೇ ಲುಂಗಿಯ ಬಟ್ಟೆ ಸುತ್ತಿ ಕಟ್ಟಿದ್ದೆ. ಮೂತಿಗಿಂತ ಎರಡು ಬೆರಳು ಉದ್ದ ಇರಬೇಕು. ನೋಡಲು ನಗು ಬರುತ್ತದೆ, ಆದರೆ ಕೆಲಸ ಮಾಡುತ್ತದೆ. ಏನಾದರೂ ಕಣ್ಣಿಗೆ ಚುಚ್ಚಿ ನಿಂತಿದ್ದರೆ ಮಾತ್ರ ಎಳೆಯಬೇಡಿ.

ಅಂದಹಾಗೆ, ನಿನ್ನೆ ನಿಮ್ಮ ತೋಟದಲ್ಲಿ ಬೋರ್ಡೋ, ಅಂದರೆ ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುತ್ತಿದ್ದರಾ? ಅದು ಬರೆಯಲಿಲ್ಲ ನೀವು. ಅದರಲ್ಲಿ ಸುಣ್ಣ ಇದೆ, ಸುಣ್ಣ ಕಣ್ಣಿನ ಒಳಕ್ಕೆ ಸುಡುತ್ತಾ ಹೋಗುತ್ತದೆ. ಡ್ರಮ್ಮಿನ ಹತ್ತಿರ ಮೂತಿ ಇಟ್ಟಿದ್ದರೂ ಸಾಕು. ಬೇಲಿಯ ಕಳ್ಳಿ ಹಾಲು, ಎಕ್ಕದ ಹಾಲು ಕೂಡ ಹಾಗೇ. ಇಂಥದ್ದು ಬಿದ್ದರೆ ಸಲೈನ್ ಹುಡುಕುತ್ತಾ ಕೂರಬೇಡಿ. ನಲ್ಲಿ ನೀರೋ ಬಾವಿ ನೀರೋ, ತಕ್ಷಣ ಇಪ್ಪತ್ತು ನಿಮಿಷ ಬಿಡದೆ ಹುಯ್ಯಿರಿ, ಆಮೇಲೆ ಆಸ್ಪತ್ರೆ. ಉಂಬಳ (ಜಿಗಣೆ) ಹತ್ತಿದ್ದರೆ ಉಪ್ಪು, ತಂಬಾಕು ಕಣ್ಣಿನ ಹತ್ತಿರ ತರಲೇಬೇಡಿ.

ಡಾಕ್ಟರ್ ಔಷಧಿ ಕೊಟ್ಟ ಮೇಲೆ ಹಾಕುವ ಕ್ರಮ ಹೇಳುತ್ತೇನೆ, ಅಲ್ಲೇ ಜಾಸ್ತಿ ಜನ ಎಡವುವುದು. ನಾಯಿಯನ್ನು ಗೋಡೆಯ ಮೂಲೆಗೆ ಕೂರಿಸಿ, ನೀವು ಹಿಂದೆ ಕುಳಿತುಕೊಳ್ಳಿ. ಗದ್ದ ಮೇಲಕ್ಕೆತ್ತಿ, ಬಾಟಲಿ ಹಿಡಿದ ಕೈ ತಲೆಯ ಮೇಲಿಂದ ತನ್ನಿ. ಎದುರಿನಿಂದ ತಂದರೆ ಹೆದರುತ್ತದೆ. ಎರಡು ಬಗೆಯ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ, ಮುಲಾಮು ಇದ್ದರೆ ಅದು ಕೊನೆಗೆ. ಅಟ್ರೋಪಿನ್ (ನೋವು ಇಳಿಸಲು ಪಾಪೆ ಹಿಗ್ಗಿಸುವ ಡ್ರಾಪ್ಸ್) ಹಾಕಿದ ಮೇಲೆ ಬಾಯಲ್ಲಿ ನೊರೆ ಜೊಲ್ಲು ಬಂದರೆ ಗಾಬರಿ ಬೇಡ. ಕಣ್ಣಿನಿಂದ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿದು ಕಹಿಯಾಗುತ್ತದೆ ಅಷ್ಟೇ. ಸಾಧಾರಣ ಹುಣ್ಣು ಒಂದು ವಾರದೊಳಗೆ ಮಾಯಬೇಕು. ಮಾಯದಿದ್ದರೆ ರೆಪ್ಪೆ ಒಳಕ್ಕೆ ಮಡಚಿ ಕೂದಲು ಉಜ್ಜುತ್ತಿದೆಯಾ ಅಂತ ನೋಡಿಸಿ. ಲ್ಯಾಬ್ರಡಾರ್, ರಾಟ್‌ವೀಲರ್‌ಗಳಲ್ಲಿ ಇದು ಇದ್ದದ್ದೇ.

ಇದೇ ಎಳೆಯಲ್ಲಿ ಬೇರೆಯವರು ಕೇಳಿದ್ದಕ್ಕೂ ಹೇಳಿಬಿಡುತ್ತೇನೆ.

ಪಗ್‌ಗೆ ದಿನಾ ಅಂಟಂಟು ಗೀಜು, ಆಂಟಿಬಯೋಟಿಕ್ ಬಿಟ್ಟ ಕೂಡಲೇ ಮತ್ತೆ ಶುರು ಅಂದವರಿಗೆ: ಅದು ಕಣ್ಣೀರು ಒಣಗಿರುವ ಲಕ್ಷಣ ಇರಬಹುದು. ರೆಪ್ಪೆಯ ಒಳಗೆ ಕಾಗದದ ಪಟ್ಟಿ ಇಟ್ಟು ಒಂದು ನಿಮಿಷ ನೋಡುತ್ತಾರೆ. 15 ಮಿಲಿಮೀಟರ್‌ವರೆಗೆ ಒದ್ದೆಯಾಗಬೇಕು. 10 ಕ್ಕಿಂತ ಕಡಿಮೆ ಇದ್ದರೆ ಒಣಕಣ್ಣು. ಸೈಕ್ಲೋಸ್ಪೋರಿನ್ ಅನ್ನುವ ಕಣ್ಣಿನ ಔಷಧಿ ಜೀವನಪೂರ್ತಿ ಹಾಕಬೇಕಾಗುತ್ತದೆ, ಪರಿಣಾಮ ಕಾಣಲು ಕೆಲವು ವಾರ ಬೇಕು. ಹತ್ತು ದಿನ ಹಾಕಿ ಬಿಟ್ಟರೆ ದುಡ್ಡು ದಂಡ.

ಮರಿಯ ಕಣ್ಣಿನ ಮೂಲೆಯಲ್ಲಿ ಕೆಂಪು ಗೋಲಿ ಬಂದಿದೆ ಅಂದವರಿಗೆ: ಚೆರ್ರಿ ಐ. ಅದು ಗೆಡ್ಡೆ ಅಲ್ಲ, ಕಣ್ಣೀರಿನ ಗ್ರಂಥಿ ಹೊರಗೆ ಬಂದಿದೆ. ಕತ್ತರಿಸಿಬಿಡೋಣ ಅಂದರೆ ಒಪ್ಪಬೇಡಿ, ಒಳಗೆ ಕೂರಿಸಿ ಹೊಲಿಯುವವರ ಹತ್ತಿರ ಹೋಗಿ. ಕತ್ತರಿಸಿದರೆ ಮುಂದೆ ಒಣಕಣ್ಣು ಬರುವ ಸಾಧ್ಯತೆ ಜಾಸ್ತಿ.

ಹತ್ತು ವರ್ಷದ ನಾಯಿಯ ಕಣ್ಣು ನೀಲಿ ಮಸುಕು ಅಂದವರು ಒಂದು ಹತ್ತಿ ಉಂಡೆ ಎದುರಿಗೆ ಎಸೆದು ನೋಡಿ, ಅದು ಸದ್ದು ಮಾಡುವುದಿಲ್ಲ. ಕಣ್ಣು ಹಿಂಬಾಲಿಸಿದರೆ ಬಹುಶಃ ವಯಸ್ಸಿನ ಮಸುಕು, ಔಷಧಿ ಬೇಡ. ಹಾಲಿನಷ್ಟು ಬಿಳಿ, ಜೊತೆಗೆ ನೀರು ಜಾಸ್ತಿ ಕುಡಿಯುತ್ತದೆ ಅಂದರೆ ಸಕ್ಕರೆ ಪರೀಕ್ಷೆ ಮಾಡಿಸಿ.

ಕಣ್ಣು ಕೆಂಪಾಗಿ, ಮಸುಕಾಗಿ, ಗುಡ್ಡೆ ಊದಿದ ಹಾಗೆ ಕಂಡರೆ ಕಣ್ಣಿನ ಒಳಗಿನ ಒತ್ತಡ ಏರಿರಬಹುದು. ಹಾಗಿದ್ದರೆ ಒಂದೆರಡು ದಿನದಲ್ಲಿ ದೃಷ್ಟಿ ಹೋಗಬಹುದು, ರಾತ್ರಿಯಾದರೂ ಹೊರಡಿ. ಕಣ್ಣಿನ ಒಳಗೇ ರಕ್ತ ಕಂಡರೆ, ನಾಯಿ ಊಟ ಬಿಟ್ಟಿದ್ದರೆ, ಉಣ್ಣೆ ಹುಳ ಕಚ್ಚಿ ಬರುವ ಜ್ವರಕ್ಕೆ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿ ಬರೀ ಡ್ರಾಪ್ಸ್ ಸಾಲುವುದಿಲ್ಲ.

ನೀವು ಇವತ್ತು ಹೋಗುವಾಗ ಅಮ್ಮನ ಡ್ರಾಪ್ಸ್ ಬಾಟಲಿಯನ್ನೂ ಜೇಬಿನಲ್ಲಿ ಇಟ್ಟುಕೊಳ್ಳಿ. ಕೇಳುವ ಮೊದಲೇ ಒಂದೆರಡು ಹನಿ ಹಾಕಿಬಿಟ್ಟಿದ್ದರೆ ಮುಚ್ಚಿಡಬೇಡಿ, ಎಷ್ಟು ಸಲ, ಯಾವಾಗ ಹಾಕಿದಿರಿ ಅಂತ ಡಾಕ್ಟರಿಗೆ ಹೇಳಿಬಿಡಿ. ನಾನು ಅವತ್ತು ನಾಚಿಕೆಯಿಂದ ಹೇಳಿರಲಿಲ್ಲ.