ಜ್ವರ ಬಿಟ್ಟಿತು, ಮಾತ್ರೆ ನಿಲ್ಲಿಸಲೇ?

ಪ್ರಶ್ನೆ: ನನಗೆ 34 ವರ್ಷ, ಶಾಲಾ ಶಿಕ್ಷಕಿ. ಮೊದಲು ಉರಿಮೂತ್ರ, ಆಮೇಲೆ ಗಡಗಡ ನಡುಗಿಸುವ ಚಳಿಜ್ವರ, ವಾಂತಿ, ಬಲಗಡೆ ಬೆನ್ನುನೋವು. ಕಿಡ್ನಿಗೆ ಸೋಂಕು ತಗುಲಿದೆ ಎಂದ ವೈದ್ಯರು ಮೂತ್ರವನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ, ಇಂಜೆಕ್ಷನ್ ಕೊಟ್ಟು, 10 ದಿನದ ಮಾತ್ರೆ ಬರೆದರು. ಮೂರನೇ ದಿನ ಜ್ವರ ಬಿಟ್ಟಿದೆ. ‘ಮಾತ್ರೆ ಉಷ್ಣ, ಸಾಕು ಮಾಡಿ ಬಾರ್ಲಿ ನೀರು ಕುಡಿ’ ಎನ್ನುತ್ತಾರೆ ಅತ್ತೆ. ಕಿಡ್ನಿ ಫೇಲ್ ಆಗುವ ಭಯವೂ ಇದೆ. ಏನು ಮಾಡಲಿ?
– ಹೆಸರು ಬೇಡ, ತಿಪಟೂರು

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಬಾರ್ಲಿ ನೀರನ್ನೂ ಕುಡಿಯಿರಿ, ಅತ್ತೆಯವರೊಂದಿಗೆ ಜಗಳವೇಕೆ? ಆದರೆ ಅದು ನೀರಡಿಕೆಗೆ, ಸೋಂಕಿಗಲ್ಲ.

ಬಹುತೇಕ ಇದು ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಕೆಲಸ. ನಮ್ಮ ಕರುಳಿನಲ್ಲೇ ಇರುವಂಥದ್ದು. ಹೆಂಗಸರ ಮೂತ್ರದ್ವಾರದಿಂದ ಮೂತ್ರಕೋಶಕ್ಕೆ ನಾಲ್ಕೇ ಸೆಂಟಿಮೀಟರ್ ಹಾದಿ. ಅಲ್ಲಿದ್ದಾಗ ಉರಿ, ಮೇಲೇರಿ ಕಿಡ್ನಿ ಮುಟ್ಟಿದಾಗ ಚಳಿಜ್ವರ, ಕೊನೆಯ ಪಕ್ಕೆಲುಬಿನ ಕೆಳಗೆ ನೋವು. ವೈದ್ಯರು ಅಲ್ಲಿ ಮುಷ್ಟಿಯಿಂದ ಮೆಲ್ಲಗೆ ತಟ್ಟಿದಾಗ ನೀವು ‘ಅಮ್ಮಾ’ ಎಂದಿರಬೇಕು. ಔಷಧಿ ನಾಟಿದರೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ. ಆದರೆ ಕಿಡ್ನಿಯೊಳಗೆ ಇನ್ನೂ ಅಷ್ಟಿಷ್ಟು ಬ್ಯಾಕ್ಟೀರಿಯಾ ಉಳಿದಿರುತ್ತದೆ. ಈಗ ಬಿಟ್ಟರೆ ಅದೇ ಮರಳಿ ಹೆಚ್ಚುತ್ತದೆ.

ಕಲ್ಚರ್ ವರದಿಯನ್ನು ಇಷ್ಟರಲ್ಲೇ ಹೋಗಿ ತನ್ನಿ. ಹಣ ಕಟ್ಟಿ, ಜ್ವರ ಬಿಟ್ಟಿತೆಂದು ಅದನ್ನು ಪ್ರಯೋಗಾಲಯದಲ್ಲೇ ಬಿಟ್ಟುಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ಮಾತ್ರೆಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿರುತ್ತದೆ. ಚೀಟಿಯಿಲ್ಲದೆ ಮಾತ್ರೆ ನುಂಗಿ ನುಂಗಿ ನಮ್ಮಲ್ಲಿ ಎಷ್ಟೋ ಆ್ಯಂಟಿಬಯೋಟಿಕ್‌ಗಳು ಮೊಂಡಾಗಿವೆ. ವರದಿ ನೋಡಿ ವೈದ್ಯರು ಮಾತ್ರೆ ಬದಲಿಸಬಹುದು, ದಿನಗಳನ್ನು ಕಡಿಮೆಯೂ ಮಾಡಬಹುದು. ಅದು ಅವರ ಲೆಕ್ಕ. ಹಿಂದೆಂದೋ ಉರಿಮೂತ್ರಕ್ಕೆ ತಂದ ನೈಟ್ರೋಫುರಾಂಟೊಯಿನ್ ಕಪಾಟಿನಲ್ಲಿ ಉಳಿದಿದ್ದರೆ ಅದನ್ನು ನುಂಗಬೇಡಿ. ಮೂತ್ರಕೋಶದಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಕಿಡ್ನಿಯ ಮಾಂಸಕ್ಕೆ ಸಾಕಷ್ಟು ಇಳಿಯುವುದಿಲ್ಲ. ಬೆನ್ನುನೋವಿಗೆ ಡೈಕ್ಲೋಫೆನಾಕ್ ಕೂಡ ಬೇಡ, ಅದು ಕಿಡ್ನಿಗೇ ತೊಂದರೆ ಕೊಡಬಲ್ಲದು. ಪ್ಯಾರಸಿಟಮಾಲ್ ಸಾಕು.

ಕಿಡ್ನಿ ಫೇಲ್? ಬೇರೆ ಕಾಯಿಲೆಯಿಲ್ಲದವರಿಗೆ ಸರಿಯಾದ ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಕಾಯಂ ಹಾನಿಯಾಗುವುದಿಲ್ಲ. ಆದರೂ ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ, ಮಧುಮೇಹಿಗಳಲ್ಲಿ ಈ ಸೋಂಕು ಉಗ್ರವಾಗುತ್ತದೆ. ಮುಟ್ಟು ತಪ್ಪಿದ್ದರೆ ವೈದ್ಯರಿಗೆ ಇಂದೇ ಹೇಳಿ. ಗರ್ಭಿಣಿಯರಿಗೆ ಕೆಲವು ಮಾತ್ರೆ ಕೊಡುವಂತಿಲ್ಲ, ಹೆಚ್ಚಿನವರನ್ನು ಆಸ್ಪತ್ರೆಯಲ್ಲಿಟ್ಟೇ ನೋಡಿಕೊಳ್ಳುತ್ತೇವೆ.

ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಶಾಲೆಯ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲವೇ? ನನ್ನ ಬಳಿ ಬರುವ ಶಿಕ್ಷಕಿಯರು ಹೇಳುವುದು ಇದನ್ನೇ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬಾಗಿಲಿನ ಚಿಲಕ, ನೀರಿನ ನಲ್ಲಿ ಎರಡನ್ನೂ ಹೆಸರಿಟ್ಟು ಕೇಳಿ.

ಜ್ವರ ಮರುಕಳಿಸಿದರೆ, ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಅಥವಾ ಮೂತ್ರ ತೀರಾ ಕಡಿಮೆಯಾದರೆ, ಭಾನುವಾರವಾದರೂ ಆಸ್ಪತ್ರೆಗೆ ಹೋಗಿ ಸ್ಕ್ಯಾನ್ ಮಾಡಿಸಿ. ಕಲ್ಲು ಅಡ್ಡವಾಗಿ ಮೂತ್ರ ಕಟ್ಟಿಕೊಂಡು ಅದರ ಹಿಂದೆ ಕೀವಾಗಿದ್ದರೆ ಯಾವ ಮಾತ್ರೆಯೂ ಸಾಲದು, ತಡಮಾಡದೆ ನಳಿಕೆ ಹಾಕಿ ಕೀವನ್ನು ಹೊರತೆಗೆಯಬೇಕಾಗುತ್ತದೆ.